ಪುಟ್ಟ ಕುಟುಂಬಕ್ಕೆ ಕಿರಿದಾದ ಬಾಗಿಲು

ವಯನಾಡಿನಲ್ಲಿ ಮಳೆಗಾಲ ಮುಗಿದು ಬಿಸಿಲು ಕಾಣಿಸಿಕೊಂಡಂತೆ, ಕಾಫಿ ತೋಟದ ಅಂಚಿನ ಜೇನು ಪೆಟ್ಟಿಗೆಗಳಲ್ಲಿ ಸದ್ದು ಹೆಚ್ಚುತ್ತದೆ. ಅಕ್ಟೋಬರ್‌ನಿಂದ ಜನವರಿಯವರೆಗೆ ತುಡುವೆ ಜೇನು ಬೆಳೆಯುವ ಕಾಲ. ತುಂಬಿದ ಪೆಟ್ಟಿಗೆಯನ್ನು ಪಾಲು ಮಾಡಿ ಹೊಸ ಕುಟುಂಬ ಕಟ್ಟುವುದೂ ಆಗಲೇ. ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಮಳೆ ಬಿದ್ದು ಕಾಫಿ ಹೂ ಅರಳುವಷ್ಟರಲ್ಲಿ ಅದು ಬಲಗೊಳ್ಳಬೇಕು.

ಒಮ್ಮೆ ನಾವು ಮೂರು ಎರಿಗಳ ಹೊಸ ಕುಟುಂಬವೊಂದನ್ನು ದೊಡ್ಡ ಪೆಟ್ಟಿಗೆಗಳ ಸಾಲಿನಲ್ಲೇ ಇಟ್ಟು, ಬಾಗಿಲನ್ನು ಪೂರ್ತಿ ತೆರೆದು, ಹಗಲಲ್ಲೇ ಸಕ್ಕರೆ ಪಾಕ ಕೊಟ್ಟು ಮನೆಗೆ ಬಂದೆವು. ಮರುದಿನ ಪೆಟ್ಟಿಗೆಯ ಮುಂದೆ ಸತ್ತ ನೊಣಗಳ ರಾಶಿ. ಎರಿಗಳಲ್ಲಿ ಒಂದು ತೊಟ್ಟು ಜೇನಿಲ್ಲ. ಪಕ್ಕದ ಬಲವಾದ ಕುಟುಂಬ ಎಲ್ಲವನ್ನೂ ದೋಚಿತ್ತು. ತಪ್ಪು ನಮ್ಮದೇ.

ಪಾಲು ಮಾಡಿದಾಗ ಹೊರಗೆ ದುಡಿಯುವ ನೊಣಗಳು ಹಳೆಯ ಜಾಗಕ್ಕೇ ಮರಳುತ್ತವೆ. ಹೊಸ ಪೆಟ್ಟಿಗೆಯಲ್ಲಿ ಉಳಿಯುವವು ಹೆಚ್ಚಾಗಿ ಎಳೆಯವು. ಕಾವಲಿಗೆ ನಾಲ್ಕಾರು ನೊಣಗಳಷ್ಟೇ ಇರುವಾಗ ಅಗಲವಾದ ಬಾಗಿಲನ್ನು ಅವು ಕಾಯುವುದೆಂತು? ಆದ್ದರಿಂದ ಮರದ ಪಟ್ಟಿಯನ್ನೋ ಹಸಿಮಣ್ಣನ್ನೋ ಇಟ್ಟು, ಒಂದೆರಡು ನೊಣಗಳು ಮಾತ್ರ ಒಮ್ಮೆಗೆ ಹೋಗಿಬರುವಷ್ಟು ಕಿರಿದು ಮಾಡಬೇಕು. ಪೆಟ್ಟಿಗೆಯ ಬೇರೆ ಬಿರುಕುಗಳನ್ನೂ ಮುಚ್ಚಬೇಕು. ಪಾಕವನ್ನು ಸಂಜೆ ಮಾತ್ರ, ಪೆಟ್ಟಿಗೆಯ ಒಳಗೇ, ಹೊರಗೆ ಚೆಲ್ಲದಂತೆ ಕೊಡಬೇಕು.

ಬಾಗಿಲಿನ ದಿಕ್ಕೂ ಮುಖ್ಯ. ಹೊಸ ರಾಣಿ ಮಿಲನಕ್ಕೆ ಹಾರಿಹೋಗಿ ಮರಳುವಾಗ ತಪ್ಪಿ ಬೇರೆ ಪೆಟ್ಟಿಗೆ ಹೊಕ್ಕರೆ ಅಲ್ಲಿನ ನೊಣಗಳು ಅವಳನ್ನು ಕೊಲ್ಲುತ್ತವೆ. ಇಲ್ಲಿ ಕುಟುಂಬ ಅನಾಥವಾಗುತ್ತದೆ. ಅದಕ್ಕಾಗಿ ಪೆಟ್ಟಿಗೆಗಳನ್ನು ಒಂದೇ ಸಾಲಿನಲ್ಲಿ, ಒಂದೇ ಮುಖವಾಗಿ ಇಡಬಾರದು. ಒಂದರ ಬಾಗಿಲು ಪೂರ್ವಕ್ಕಿದ್ದರೆ ಇನ್ನೊಂದರದು ದಕ್ಷಿಣಕ್ಕಿರಲಿ. ಮುಂದೆ ಒಂದು ಗಿಡವೋ ಬಣ್ಣದ ಗುರುತೋ ಇದ್ದರೆ ಇನ್ನೂ ಒಳ್ಳೆಯದು. ಮಳೆಗಾಳಿ ಬೀಸುವ ಕಡೆಗೆ ಬಾಗಿಲು ಬೇಡ. ನೀರು ಒಳಗೆ ನಿಲ್ಲದಂತೆ ಪೆಟ್ಟಿಗೆ ತುಸು ಮುಂದಕ್ಕೆ ವಾಲಿರಲಿ. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲು ಇರಲಿ.

ಈ ಎಚ್ಚರಿಕೆ ಒಂದು ಪೆಟ್ಟಿಗೆಯ ಲಾಭಕ್ಕಷ್ಟೇ ಅಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕೇರಳ, ಕರ್ನಾಟಕಗಳ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ದಾರಿ ತಪ್ಪಿದ ನೊಣಗಳೂ ದೋಚುವ ನೊಣಗಳೂ ರೋಗವನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಒಯ್ಯುತ್ತವೆ.

ನಮ್ಮಲ್ಲಿ ಅನೇಕರು ಬಳಸುವ ನ್ಯೂಟನ್ ಪೆಟ್ಟಿಗೆಗೆ ಆ ಹೆಸರು ಬಂದದ್ದು ವಿಜ್ಞಾನಿ ನ್ಯೂಟನ್‌ನಿಂದಲ್ಲ. ತಿರುಚಿರಾಪಳ್ಳಿಯಲ್ಲಿದ್ದ ಯೇಸುಸಭೆಯ ಗುರು ಫಾದರ್ ನ್ಯೂಟನ್ 1910ರ ದಶಕದಲ್ಲಿ ನಮ್ಮ ಪುಟ್ಟ ತುಡುವೆ ಜೇನಿಗೆ ಹೊಂದುವಂತೆ ಅದನ್ನು ರೂಪಿಸಿ, ಹಳ್ಳಿಯವರಿಗೆ ಜೇನು ಸಾಕಣೆ ಕಲಿಸಿದರು. ಪಾಸ್ಖ ಜಾಗರಣೆಯಂದು ಮೇಣದಬತ್ತಿಯ ಮುಂದೆ ಹಾಡುವ ಲತೀನ್ ಸ್ತುತಿಗೀತೆಯಲ್ಲೂ ಜೇನುನೊಣಗಳ ದುಡಿಮೆಯ ನೆನಪಿದೆ.

ಕಿರಿದಾದ ಬಾಗಿಲು ಸದಾಕಾಲಕ್ಕಲ್ಲ. ರಾಣಿ ಮೊಟ್ಟೆಯಿಡತೊಡಗಿ, ಐದಾರು ಎರಿ ತುಂಬಿ, ಪರಾಗ ಹೊತ್ತ ನೊಣಗಳು ಬಾಗಿಲಲ್ಲಿ ನೂಕಾಡತೊಡಗಿದಾಗ ಮರದ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಬೇಕು. ಮಕ್ಕಳನ್ನು ಬೆಳೆಸುವ ನಮಗೆ ಇದು ಹೊಸ ಪಾಠವೇನೂ ಅಲ್ಲ. ಎಳೆತನದಲ್ಲಿ ಬಾಗಿಲು ಕಾಯುತ್ತೇವೆ. ಬಲ ಬಂದಾಗ ನಾವೇ ತೆರೆದುಕೊಡುತ್ತೇವೆ.