ಹೇಳದೇ ಬರುವ ಭೂಕಂಪ ಮತ್ತು ನಮ್ಮ ಮಾಳಿಗಿ ಮನೆ



ನೈಸರ್ಗಿಕ ವಿಕೋಪಗಳು ಬಹಳ ಇವೆ. ಪ್ರವಾಹ, ಬಿರುಗಾಳಿ, ಸಿಡಿಲು, ಬರಗಾಲ, ಭೂಕಂಪ. ಇವುಗಳಲ್ಲಿ ಹೆಚ್ಚಿನವು ಬರುವ ಮುಂಚೆ ಏನಾದರೂ ಸುಳಿವು ಕೊಡುತ್ತವೆ. ಹೊಳೆ ತುಂಬಿ ಬರುವ ಮುಂಚೆ ಊರಲ್ಲಿ ಡಂಗುರ ಸಾರುತ್ತಾರೆ, ನಾವು ಎತ್ತರದ ಜಾಗಕ್ಕೆ ಹೋಗಬಹುದು. ಮಿಂಚು ಕಂಡ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರವಿದೆ ಎಂದು ಅರ್ಥ. ಆಗ ಮರದ ಕೆಳಗೆ ನಿಲ್ಲದೆ ಮನೆಯೊಳಗೆ ಓಡಬೇಕು. ಆದರೆ ಭೂಕಂಪ ಹಾಗಲ್ಲ. ಇಂಥ ದಿನ ಇಂಥ ಹೊತ್ತಿಗೆ ಬರುತ್ತದೆ ಎಂದು ಯಾವ ವಿಜ್ಞಾನಿಗೂ ಮೊದಲೇ ಹೇಳಲು ಬರುವುದಿಲ್ಲ. ಅಷ್ಟೇ ಅಲ್ಲ, ಬೇರೆ ವಿಕೋಪದಲ್ಲಿ ನಮ್ಮನ್ನು ಕಾಯುವ ಮನೆಯೇ ಭೂಕಂಪದಲ್ಲಿ ನಮ್ಮ ಮೇಲೆ ಬೀಳುತ್ತದೆ.

ಭೂಕಂಪ ಏಕೆ ಆಗುತ್ತದೆ?

ಭೂಮಿಯ ಮೇಲಿನ ಚಿಪ್ಪು ಒಂದೇ ತುಂಡಲ್ಲ. ಅದು ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ನಮ್ಮ ದೇಶ ಇರುವ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಾ ಹಿಮಾಲಯದ ಕಡೆ ಒತ್ತುತ್ತಿದೆ. ಆ ಒತ್ತಡ ನಮ್ಮ ಕಡೆಯ ಬಂಡೆಗಳಿಗೂ ಬರುತ್ತದೆ. ನೆಲದೊಳಗೆ ಹಳೇ ಬಿರುಕು ಇದ್ದಲ್ಲಿ ಬಂಡೆ ಒಮ್ಮೆಲೇ ಜಾರುತ್ತದೆ. ಆಗ ನೆಲ ನಡುಗುತ್ತದೆ.

ನಮ್ಮ ಕಡೆ ಆದದ್ದು

2021ರ ಅಕ್ಟೋಬರ್‌ನಲ್ಲಿ ನಮ್ಮ ಚಿಂಚೋಳಿ ತಾಲೂಕಿನ ಗಡಿಕೇಶ್ವಾರ ಸುತ್ತಮುತ್ತ ಮೇಲಿಂದ ಮೇಲೆ ಭೂಮಿ ಅಲುಗಿತು. ದೊಡ್ಡದೆಂದರೆ ಸುಮಾರು 4 ತೀವ್ರತೆಯದು. ಆಗ ನಾನು ಮೂರನೇ ತರಗತಿ. ನೆಲದೊಳಗಿಂದ ಗುಡುಗಿದಂಗ ಸಪ್ಪಳ ಬಂತು. ಪರ್ಸಿ ಮೇಲಿನ ಭಾಂಡೆ ದಡದಡ ಬಿದ್ದವು. ಅಪ್ಪ "ಎಲ್ಲಾರೂ ಹೊರಗ ನಡೀರಿ" ಅಂತ ಕೂಗಿದ. ಆಮೇಲೆ ಎಷ್ಟೋ ರಾತ್ರಿ ನಾವು ಅಂಗಳದಾಗ ಮಲಗಿದೆವು.

ನಮ್ಮ ಆಯಿ ಇದಕ್ಕಿಂತ ದೊಡ್ಡದನ್ನು ಕಂಡಿದ್ದಾಳೆ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ತೀವ್ರತೆ 6.2. ಹಿಂದಿನ ದಿನ ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ಸುಮಾರು ಹತ್ತು ಸಾವಿರ ಜನ ಸತ್ತರು. "ಇಲ್ಲೀತನಕ ನಡುಗಿತ್ತವ್ವಾ, ಭೂಮ್ತಾಯಿ ಮೈ ಮುರದಂಗ ಆತು" ಅಂತಾಳೆ ಆಯಿ.

4ಕ್ಕೂ 6ಕ್ಕೂ ಎರಡೇ ಅಂಕಿ ವ್ಯತ್ಯಾಸ ಅನ್ನಬೇಡಿರಿ. ತೀವ್ರತೆ ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಆಗುತ್ತದೆ. ಎರಡು ಅಂಕಿ ಏರಿದರೆ 32 × 32 = 1024, ಅಂದರೆ ಸುಮಾರು ಸಾವಿರ ಪಟ್ಟು!

ಮನೆ ಏಕೆ ಬೀಳುತ್ತದೆ?

ಕಿಲ್ಲಾರಿಯಲ್ಲಿ ಹೆಚ್ಚಿನ ಜನ ಸತ್ತದ್ದು ಕಲ್ಲು ಮಣ್ಣಿನ ಮನೆಗಳ ಕೆಳಗೆ ಸಿಕ್ಕು. ಅವು ನಮ್ಮೂರಿನ ಮಾಳಿಗಿ ಮನೆಗಳಂಥವೇ. ಇಂಥ ಗೋಡೆ ದಪ್ಪ ಕಾಣುತ್ತದೆ, ಆದರೆ ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು ಕಲ್ಲು, ನಡುವೆ ಬರೀ ಮಣ್ಣು. ಅಲುಗಿದಾಗ ಎರಡೂ ಸಾಲು ಬೇರೆಯಾಗಿ ಉಬ್ಬಿ ಉದುರುತ್ತವೆ. ಮೇಲೆ ಜಂತಿ, ಅದರ ಮೇಲೆ ಒಂದು ಅಡಿಗಿಂತ ಹೆಚ್ಚು ಮಣ್ಣು. ಸೋರಬಾರದೆಂದು ಮಳೆಗಾಲಕ್ಕೆ ಮುಂಚೆ ಮತ್ತೆ ಮಣ್ಣು ಹಾಕುತ್ತೇವೆ. ಭಾರ ಏರುತ್ತಲೇ ಹೋಗುತ್ತದೆ.

ಉಪಾಯ ಇದೆ. ಗೋಡೆ ಕಟ್ಟುವಾಗ ಒಳಗಿನಿಂದ ಹೊರಗಿನವರೆಗೆ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಡಬೇಕು. ಬಾಗಿಲು, ಕಿಟಕಿಗಳ ಮೇಲೆ ನಾಲ್ಕೂ ಗೋಡೆಗೆ ಸುತ್ತಿ ಬರುವಂತೆ ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿ ಹಾಕಬೇಕು. ಪೆಟ್ಟಿಗೆಗೆ ಹಗ್ಗ ಬಿಗಿದಂತೆ ಅದು ಮನೆಯನ್ನು ಹಿಡಿದಿಡುತ್ತದೆ. ಮಾಳಿಗಿ ಮೇಲಿನ ಹೆಚ್ಚಿನ ಮಣ್ಣು ತೆಗೆದರೂ ಭಾರ ಕಡಿಮೆಯಾಗುತ್ತದೆ.

ನಾವು ಮಾಡಬೇಕಾದ್ದು

1. ಬಾಗಿಲು ಹತ್ತಿರವಿದ್ದರೆ ಕೂಡಲೇ ಬಯಲಿಗೆ ಓಡಬೇಕು. ಗೋಡೆ, ಕರೆಂಟ್ ಕಂಬದ ಹತ್ತಿರ ನಿಲ್ಲಬಾರದು.
2. ಬಾಗಿಲು ದೂರವಿದ್ದರೆ ಗಟ್ಟಿ ಮೇಜು ಅಥವಾ ಮಂಚದ ಕೆಳಗೆ ಸೇರಿ ತಲೆ ಮುಚ್ಚಿಕೊಳ್ಳಬೇಕು. ಶಾಲೆಯಲ್ಲಾದರೆ ಬೆಂಚಿನ ಕೆಳಗೆ.
3. ನಿಂತ ಮೇಲೆ ಮತ್ತೆ ಅಲುಗಬಹುದು. ಸಾಮಾನು ತರಲು ಒಳಗೆ ಹೋಗಬಾರದು.
4. ಗ್ಯಾಸ್ ವಾಸನೆ ಇದ್ದರೆ ಕಡ್ಡಿ ಗೀರಬಾರದು.
5. ಮಲಗುವ ಜಾಗದ ಮೇಲೆ ಭಾರದ ಸಾಮಾನು ಇಡಬಾರದು.

ಈ ಐದನೆಯದಕ್ಕೇ ನಮ್ಮ ಮನೆಯಲ್ಲಿ ಜಗಳ ನಡೆದಿದೆ. ಆಯಿ ಮಲಗುವ ಜಾಗದ ಮೇಲೆಯೇ ಪರ್ಸಿ, ಅದರ ಮೇಲೆ ಆಕೆಯ ಲಗ್ನದ ಹಿತ್ತಾಳಿ ಕೊಡಗಳು. ಆ ಗೋಡೆ ಸ್ವಲ್ಪ ಉಬ್ಬಿದೆ ಕೂಡ. ಆಯಿ, "ನಲವತ್ತು ವರ್ಷ ಇಲ್ಲೇ ಮಲಗೀನಿ, ಬಿಡು" ಅಂದಳು. ನಾನು "ನಿನ್ನ ಕೊಡ ಎಲ್ಲೂ ಹೋಗಂಗಿಲ್ಲ ಆಯಿ, ನೀ ಹೋದ್ರ ನಾವೇನು ಮಾಡೂಣು?" ಅಂದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ತಾನೇ ಕೊಡ ಇಳಿಸಲು ಹೇಳಿದಳು. ಈಗ ಆಕೆಯ ಹಾಸಿಗೆ ಬಾಗಿಲ ಹತ್ತಿರ ಇದೆ. ಗೋಡೆಯನ್ನು ತೊಗರಿ ಮಾರಿದ ಮೇಲೆ ಬಿಚ್ಚಿ ಕಟ್ಟಿಸೋಣ ಅಂತ ಅಪ್ಪ ಹೇಳಿದ್ದಾನೆ. ಅಲ್ಲೀತನಕ ಆ ಗೋಡೆ ಹತ್ತಿರ ಯಾರೂ ಮಲಗುವುದಿಲ್ಲ.

ಗೆಳೆಯರೇ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಹಾಸಿಗೆಯ ಮೇಲೆ ಏನಿದೆ ಎಂದು ಒಮ್ಮೆ ತಲೆ ಎತ್ತಿ ನೋಡಿರಿ. ಭಾರದ ಸಾಮಾನಿದ್ದರೆ ಹಗಲಿನಲ್ಲೇ ಇಳಿಸಿರಿ.

– 7ನೇ ತರಗತಿ ವಿದ್ಯಾರ್ಥಿನಿ