ಚಕ್ರದ ಮೇಲೊಂದು ಮನೆ

ಅಕ್ಕ ತಂಗಿಯರೇ, ಜಾತ್ರೆಗೆ ಹೊರಡುವುದು ಅಂದರೆ ನಮಗೆಲ್ಲ ಗೊತ್ತು. ಗಾಡಿಗೆ ಕಮಾನು ಕಟ್ಟುತ್ತೇವೆ. ಒಳಗೆ ಹುಲ್ಲು ಹಾಸುತ್ತೇವೆ. ಅಕ್ಕಿ, ಬೇಳೆ, ಪಾತ್ರೆ, ಬುತ್ತಿ ಎಲ್ಲ ಏರಿಸುತ್ತೇವೆ. ಜಾತ್ರೆ ಮುಗಿಯುವ ತನಕ ಆ ಗಾಡಿಯೇ ನಮ್ಮ ಮನೆ.

ಇಂಗ್ಲೆಂಡಿನಲ್ಲೂ ಇಂಥದೇ ಒಂದು ಜಾತ್ರೆ ನಡೆಯುತ್ತದೆ. ಅಲ್ಲಿ ದೇವರಿಲ್ಲ, ತೇರಿಲ್ಲ. ಎತ್ತಿನ ಗಾಡಿಯ ಬದಲು ಮೋಟಾರು ವ್ಯಾನುಗಳು. ಅವಕ್ಕೆ ‘ಕ್ಯಾಂಪರ್ ವ್ಯಾನ್’ ಅನ್ನುತ್ತಾರೆ. ಅಂದರೆ ಅಡುಗೆ ಮಾಡಿ, ಉಂಡು, ಮಲಗಲು ಬರುವಂಥ ವ್ಯಾನು. ಬೇಸಿಗೆಯಲ್ಲಿ ಇಂಥ ವ್ಯಾನು ಇದ್ದವರೆಲ್ಲ ಒಂದು ಬಯಲಿನಲ್ಲಿ ಸೇರುತ್ತಾರೆ. ಶುಕ್ರವಾರ ಸಂಜೆ ಬರುತ್ತಾರೆ. ಭಾನುವಾರ ಹೊರಡುತ್ತಾರೆ. ಅಂಥ ಒಂದು ಮೇಳವನ್ನು ನಾವು ನೋಡಿಬಂದೆವು.

ಹಳೆಯ ವ್ಯಾನು, ಹೊಸ ಹೊಳಪು

ಬಯಲಿನ ತುಂಬ ಸಾಲು ಸಾಲು ವ್ಯಾನುಗಳು. ಕೆಂಪು, ಹಸಿರು, ನೀಲಿ. ಹೆಚ್ಚಿನವು ಫೋಕ್ಸ್‌ವ್ಯಾಗನ್ ಎಂಬ ಜರ್ಮನಿಯ ಕಂಪನಿಯವು. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ಈ ವ್ಯಾನಿನ ಚಿತ್ರವನ್ನು ತನ್ನ ಪುಸ್ತಕದಲ್ಲಿ ಗೀಚಿದ. 1950ರಲ್ಲಿ ಕಾರ್ಖಾನೆ ಅದನ್ನು ತಯಾರಿಸತೊಡಗಿತು. ಮರುವರ್ಷವೇ ಅದರೊಳಗೆ ಹಾಸಿಗೆ, ಕಪಾಟು ಕೂಡಿಸುವ ಕೆಲಸ ಶುರುವಾಯಿತು. ಬ್ರೆಜಿಲ್ ದೇಶದಲ್ಲಿ ಈ ಹಳೆಯ ವ್ಯಾನನ್ನು 2013ರ ತನಕ ಮಾಡುತ್ತಿದ್ದರು.

1960-70ರ ದಶಕದಲ್ಲಿ ಇಂಥ ವ್ಯಾನು ಹತ್ತಿ ಯುರೋಪಿನ ಎಷ್ಟೋ ಹುಡುಗ ಹುಡುಗಿಯರು ಭಾರತಕ್ಕೂ ಬಂದಿದ್ದರು. ಟರ್ಕಿ, ಇರಾನ್, ಆಫ್ಘಾನಿಸ್ತಾನ ದಾಟಿ ಬರಬೇಕಿತ್ತು. ಅಷ್ಟು ದೂರ!

ಮೇಳದಲ್ಲಿ ಹಳೆಯ ಬಿಡಿಭಾಗಗಳ ಅಂಗಡಿಗಳಿದ್ದವು. ಚೆನ್ನಾಗಿ ಇಟ್ಟುಕೊಂಡ ವ್ಯಾನಿಗೆ ಬಹುಮಾನವೂ ಇತ್ತು. ಒಬ್ಬ ಅಜ್ಜಿ ಕೈಗೆ ಮಸಿ ಮಾಡಿಕೊಂಡು ತನ್ನ ವ್ಯಾನನ್ನು ತಾನೇ ರಿಪೇರಿ ಮಾಡುತ್ತಿದ್ದಳು. ನಮ್ಮನ್ನು ಕಂಡು, “ಒಳಗೆ ಬನ್ನಿ” ಅಂದಳು.

ಒಳಗೆ ಏನಿದೆ?

ವ್ಯಾನಿನ ಉದ್ದ ಸುಮಾರು 14 ಅಡಿ. ಅಗಲ ಆರು ಅಡಿಗೂ ಕಡಿಮೆ. ಎಂಜಿನ್ ಇರುವುದು ಹಿಂದುಗಡೆ. ಅಷ್ಟು ಜಾಗದಲ್ಲೇ ಒಂದು ಸಂಸಾರ! ಹಗಲು ಕೂರುವ ಬೆಂಚು ರಾತ್ರಿ ಮಂಚವಾಗುತ್ತದೆ. ಬೆಂಚಿನ ಕೆಳಗೆ ಬಟ್ಟೆ ಬರೆ. ಮಡಚುವ ಮೇಜು. ಕೈ ತೊಳೆಯಲು ಪುಟ್ಟ ತೊಟ್ಟಿ. ಎರಡು ಉರಿಯ ಗ್ಯಾಸ್ ಒಲೆ. ಚಾವಣಿಯನ್ನು ಮೇಲಕ್ಕೆ ಎತ್ತಿದರೆ ನೆಟ್ಟಗೆ ನಿಲ್ಲಬಹುದು.

ನೆಲದಲ್ಲೊಂದು ತೂತು

ಗ್ಯಾಸ್ ಸಿಲಿಂಡರು ಒಂದು ಪುಟ್ಟ ಕಪಾಟಿನಲ್ಲಿತ್ತು. ಅದರ ತಳದಲ್ಲಿ ಒಂದು ತೂತು ಕಂಡಿತು. ತುಕ್ಕು ಹಿಡಿದು ಆದದ್ದು ಅಂದುಕೊಂಡೆವು. ಅಜ್ಜಿ ನಕ್ಕಳು. “ಇದು ಬೇಕೆಂದೇ ಕೊರೆದ ತೂತು. ನಮ್ಮ ಜೀವ ಉಳಿಸೋದು ಇದೇ” ಅಂದಳು.

ಅದು ಹೇಗೆ? ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ. ನೀರಿನ ಹಾಗೆ ಕೆಳಗೆ ಹರಿದು ನೆಲದ ಮೇಲೆ ನಿಲ್ಲುತ್ತದೆ. ಒಂದು ಕಿಡಿ ತಾಗಿದರೆ ಸಾಕು, ಭಗ್ಗನೆ ಹೊತ್ತಿಕೊಳ್ಳುತ್ತದೆ. ತೂತು ಇದ್ದರೆ ಸೋರಿದ ಗ್ಯಾಸ್ ಕೆಳಗಿನಿಂದ ಹೊರಗೆ ಹೋಗುತ್ತದೆ.

ನಮ್ಮ ಮನೆಯಲ್ಲೂ ಗ್ಯಾಸಿನ ಗುಣ ಇದೇ. ವಾಸನೆ ಬಂದರೆ ಕಡ್ಡಿ ಗೀರಬೇಡಿ. ಲೈಟಿನ ಸ್ವಿಚ್ಚು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು, ಕಿಟಕಿ ತೆರೆಯಿರಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಅಲ್ಲಿಂದ 1906 ನಂಬರಿಗೆ ಫೋನ್ ಮಾಡಿ.

ಕಾಣದ ವಿಷ

ಸಂಜೆ ಚಳಿ ಬಿತ್ತು. ಜನ ಹೊರಗೆ ಇದ್ದಿಲ ಒಲೆ ಹೊತ್ತಿಸಿ ಅಡುಗೆ ಮಾಡಿದರು. ಊಟ ಆದ ಮೇಲೂ ಕೆಂಡ ಬೆಚ್ಚಗಿತ್ತು. “ಒಳಗೆ ಇಟ್ಟುಕೊಂಡರೆ ಚಳಿ ಹೋಗುತ್ತಲ್ಲ?” ಎಂದು ಕೇಳಿದೆವು. ಅಜ್ಜಿಯ ನಗು ನಿಂತಿತು. “ಹಾಗೆ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ” ಅಂದಳು.

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಮಂಪರು. ನಿದ್ದೆಯಲ್ಲೇ ಜೀವ ಹೋಗಬಹುದು. ಅದನ್ನು ಪತ್ತೆ ಮಾಡಿ ಕೂಗುವ ಸಣ್ಣ ಯಂತ್ರವೊಂದು ಅಜ್ಜಿಯ ವ್ಯಾನಿನಲ್ಲಿತ್ತು.

ಆಗ ನಮಗೆ ನೆನಪಾದದ್ದು ನಮ್ಮ ಬಾಣಂತಿ ಕೋಣೆ. ಬಾಗಿಲು ಹಾಕುತ್ತೇವೆ. ಕಿಟಕಿಗೆ ಬಟ್ಟೆ ತುರುಕುತ್ತೇವೆ. ಮಂಚದ ಹತ್ತಿರ ಅಗ್ಗಿಷ್ಟಿಕೆ ಇಡುತ್ತೇವೆ. ಪ್ರೀತಿಯಿಂದಲೇ ಇಡುತ್ತೇವೆ. ಆದರೆ ಅದೇ ವಿಷಗಾಳಿ ತಾಯಿಗೂ ಕೂಸಿಗೂ ತಾಗುತ್ತದೆ.

ನಾವೇನು ಮಾಡೋಣ?

ಮಲಗುವ ಕೋಣೆಯಲ್ಲಿ ಕೆಂಡ ಇಡುವುದು ಬೇಡ. ಕೂಸಿಗೆ ಟೋಪಿ ಹಾಕಿ, ಬಟ್ಟೆ ಸುತ್ತೋಣ. ತಾಯಿ ಎದೆಗೆ ಅಪ್ಪಿಕೊಂಡರೆ ಕೂಸು ತಾನೇ ಬೆಚ್ಚಗಾಗುತ್ತದೆ. ಕೆಂಡ ಇಟ್ಟ ಕೋಣೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಕೂಡಲೇ ಹೊರಗಿನ ಗಾಳಿಗೆ ಕರೆತನ್ನಿ. ತಡಮಾಡದೆ ಆಸ್ಪತ್ರೆಗೆ ಹೋಗಿ.

“ನಮ್ಮ ಕಾಲದಿಂದ ಹೀಗೇ ಮಾಡಿದ್ದೇವೆ” ಎಂದು ಮನೆಯ ಹಿರಿಯರು ಅನ್ನಬಹುದು. ಜಗಳ ಬೇಡ. ಈ ಪಾಠವನ್ನು ಅವರಿಗೆ ಓದಿ ಹೇಳಿ. ಈಗ ನಿಮಗೆ ಓದಲು ಬರುತ್ತದಲ್ಲ!

ಚಕ್ರದ ಮನೆಯಾಗಲಿ, ಮಣ್ಣಿನ ಮನೆಯಾಗಲಿ, ಬೆಚ್ಚಗಿದ್ದರೆ ಸಾಲದು. ಉಸಿರಾಡಲು ಗಾಳಿ ಬೇಕು.