ಫ್ರೀಪೋರ್ಟಿನ ತೇಲುತೊಟ್ಟಿ, ಗ್ಯಾಲ್ವೆಸ್ಟನ್ನಿನ ಸೂಟ್‌ಕೇಸು

ಮಯಾಮಿಯಿಂದ ರಾತ್ರಿ ಹೊರಟ ಹಡಗು ಬೆಳಗಾಗುವುದರೊಳಗೆ ಮುಟ್ಟಿಬಿಡುವಷ್ಟು ಹತ್ತಿರದಲ್ಲಿ ಗ್ರ್ಯಾಂಡ್ ಬಹಾಮಾ ದ್ವೀಪವಿದೆ. ಸುಣ್ಣಕಲ್ಲಿನ ಚಪ್ಪಟೆ ನೆಲ, ಪೈನ್ ಮರಗಳು, ಸುತ್ತ ತಿಳಿನೀಲಿ ಕಡಲು. ಆ ದ್ವೀಪದ ಫ್ರೀಪೋರ್ಟ್ ಬಂದರಿನಲ್ಲಿ ಮರಗಳನ್ನೆಲ್ಲ ಮೀರಿ ಎದ್ದು ಕಾಣುವುದು ಕ್ರೇನುಗಳು. ಅವುಗಳ ಬುಡದಲ್ಲಿರುವುದು ಗ್ರ್ಯಾಂಡ್ ಬಹಾಮಾ ಶಿಪ್‌ಯಾರ್ಡ್, ಹಡಗು ರಿಪೇರಿಯ ಕಾರ್ಖಾನೆ. ಕೆರಿಬಿಯನ್ ಸಮುದ್ರದಲ್ಲಿ ರಜೆ ಕಳೆಯಲು ಹೋಗುವ ಲಕ್ಷಾಂತರ ಮಂದಿಯಲ್ಲಿ ಹೆಚ್ಚಿನವರು ಈ ಹೆಸರನ್ನೇ ಕೇಳಿರುವುದಿಲ್ಲ. ಆದರೆ ಅವರು ಹತ್ತಬೇಕಾದ ಹಡಗು ಯಾವ ವಾರ ಸಿಗುತ್ತದೆ, ಯಾವ ವಾರ ಸಿಗುವುದಿಲ್ಲ ಎಂಬುದು ಎಷ್ಟೋ ಸಲ ಇತ್ಯರ್ಥವಾಗುವುದು ಇಲ್ಲಿಯೇ.

ಹಡಗನ್ನು ನೀರಿನಿಂದ ಮೇಲೆತ್ತಿ ನಿಲ್ಲಿಸುವ ಇಲ್ಲಿನ ತೊಟ್ಟಿಗಳು, ಅಂದರೆ ಡ್ರೈಡಾಕುಗಳು, ನೆಲ ಅಗೆದು ಕಟ್ಟಿದವಲ್ಲ, ತೇಲುವಂಥವು. ಎರಡು ಪಕ್ಕ ಉಕ್ಕಿನ ಎತ್ತರದ ಗೋಡೆ, ನಡುವೆ ಉಕ್ಕಿನ ಹಾಸು, ಎಲ್ಲದರ ಒಳಗೂ ಟೊಳ್ಳು. ಟೊಳ್ಳಿಗೆ ನೀರು ಬಿಟ್ಟಾಗ ಇಡೀ ತೊಟ್ಟಿ ಮೆಲ್ಲಗೆ ಮುಳುಗುತ್ತದೆ. ಟಗ್ ದೋಣಿಗಳು ಹಡಗನ್ನು ಆಚೆ ಈಚೆ ತಾಗದಂತೆ ತಳ್ಳಿ ಒಳಗೆ ತಂದು ನಿಲ್ಲಿಸುತ್ತವೆ. ಆಮೇಲೆ ಪಂಪುಗಳ ಕೆಲಸ. ನೀರು ಹೊರಗೆ ಹೋದಂತೆ ತೊಟ್ಟಿ ಮೇಲೇಳುತ್ತದೆ, ಅದರ ಬೆನ್ನಿನ ಮೇಲೆ ಹಡಗೂ ಏಳುತ್ತದೆ. ಹಡಗಿನ ತಳ ಬಂದು ಕೂರುವುದು ಸಾಲಾಗಿ ಇಟ್ಟ ದಿಮ್ಮಿಗಳ ಮೇಲೆ. ಪ್ರತಿ ದಿಮ್ಮಿಯ ಜಾಗವನ್ನೂ ಹಡಗಿನ ನಕ್ಷೆ ನೋಡಿ ಮೊದಲೇ ಗುರುತು ಮಾಡಿರುತ್ತಾರೆ. ಹಡಗು ಸರಿಯಾಗಿ ಕೂರುತ್ತಿದೆಯೇ ಎಂದು ಮುಳುಗುಗಾರರು ನೀರಿನೊಳಗೆ ಹೋಗಿ ನೋಡಿ ಬಂದ ಮೇಲೆಯೇ ಪಂಪು ಮುಂದುವರಿಯುವುದು. ದಿಮ್ಮಿ ತಾಗಿದ ಕಡೆ ಬಣ್ಣ ಬಳಿಯಲು ಆಗುವುದಿಲ್ಲವಲ್ಲ. ಹಾಗಾಗಿ ಮುಂದಿನ ಸಲ ಅದೇ ಹಡಗು ಬಂದಾಗ ದಿಮ್ಮಿಗಳನ್ನು ಒಂದಿಷ್ಟು ಸರಿಸಿ ಇಡುತ್ತಾರೆ. ಹಿಂದೆ ಬಿಟ್ಟುಹೋದ ಆ ತೇಪೆಗಳಿಗೆ ವರ್ಷಗಳ ನಂತರ ಬಣ್ಣ ಕಾಣುವ ಯೋಗ.

ನೀರು ಪೂರ್ತಿ ಇಳಿದಾಗ ಕಾಣುವ ನೋಟವನ್ನು ಯಾವ ಪ್ರವಾಸಿ ಪುಸ್ತಿಕೆಯೂ ಅಚ್ಚು ಮಾಡುವುದಿಲ್ಲ. ಮೇಲೆ ಈಜುಕೊಳ, ಜಾರುಬಂಡೆ, ಬಾಲ್ಕನಿಗಳ ಸಾಲು. ಕೆಳಗೆ ಪಾಚಿ ಹಿಡಿದ, ಕಲ್ಲುಚಿಪ್ಪಿನ ಜೀವಿಗಳು ಅಂಟಿಕೊಂಡ ಉಕ್ಕಿನ ಹೊಟ್ಟೆ. ಆ ಜೀವಿಗಳು ಹೆಚ್ಚಾದಷ್ಟೂ ಹಡಗು ಭಾರವಾಗಿ ನೀರು ಸೀಳಬೇಕು, ಎಣ್ಣೆ ಹೆಚ್ಚು ಸುಡಬೇಕು. ಕೆಲಸಗಾರರು ಭಾರಿ ಒತ್ತಡದ ನೀರು ಚಿಮ್ಮಿಸಿ ಅವನ್ನು ಕಿತ್ತು ಹಾಕುತ್ತಾರೆ. ತುಕ್ಕನ್ನು ತಾವು ಉಂಡು ಹಡಗನ್ನು ಕಾಯುವ ಸತುವಿನ ಗಟ್ಟಿಗಳು ಸವೆದು ಸಣ್ಣಗಾಗಿರುತ್ತವೆ; ಅವನ್ನು ತೆಗೆದು ಹೊಸತನ್ನು ಬೆಸೆಯುತ್ತಾರೆ. ಅಲೆಗೆ ಹಡಗು ಓಲಾಡದಂತೆ ಹಿಡಿಯುವ ರೆಕ್ಕೆಗಳು, ಸಮುದ್ರದ ನೀರನ್ನು ಒಳಗೆಳೆಯುವ ಕವಾಟಗಳು, ಪಕ್ಕಕ್ಕೆ ತಳ್ಳುವ ಪ್ರೊಪೆಲ್ಲರುಗಳು, ಎಲ್ಲವೂ ಬಿಚ್ಚಿಕೊಳ್ಳುತ್ತವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಲಂಗರಿನ ಸರಪಳಿ. ಅದನ್ನು ಪೂರ್ತಿ ಹೊರಗೆ ಬಿಟ್ಟು ತೊಟ್ಟಿಯ ನೆಲದ ಮೇಲೆ ಉದ್ದಕ್ಕೆ, ಮಡಿಕೆ ಮಡಿಕೆಯಾಗಿ ಹಾಸುತ್ತಾರೆ. ಪ್ರತಿ 27.5 ಮೀಟರಿಗೆ ಒಂದು ಜೋಡುಕೊಂಡಿ, ಅದರ ಅಕ್ಕಪಕ್ಕ ಬಿಳಿ ಬಣ್ಣದ ಗುರುತು. ಬಾಯ್ಲರ್ ಸೂಟು ತೊಟ್ಟವನೊಬ್ಬ ಮಂಡಿಯೂರಿ ಕೂತು, ಅಳತೆಯ ಚಿಮಟ ಹಿಡಿದು, ಕೊಂಡಿಗೆ ಕೊಂಡಿ ತಾಗಿ ಸವೆದ ಜಾಗದ ದಪ್ಪವನ್ನು ಅಳೆಯುತ್ತಾನೆ. ಇನ್ನೊಬ್ಬ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾನೆ. ಮೊದಲಿದ್ದ ದಪ್ಪದಲ್ಲಿ ನೂರಕ್ಕೆ ಹನ್ನೆರಡು ಪಾಲಿಗಿಂತ ಹೆಚ್ಚು ಸವೆದಿದ್ದರೆ ಆ ತುಂಡನ್ನು ಬದಲಿಸಲೇಬೇಕು. ಬಿರುಗಾಳಿಯ ರಾತ್ರಿ ಎಂಜಿನ್ ನಿಂತರೆ ನಾಲ್ಕೈದು ಸಾವಿರ ಜನರ ಹಡಗನ್ನು ಹಿಡಿದು ನಿಲ್ಲಿಸಬೇಕಾದದ್ದು ಈ ಕೊಂಡಿಗಳು. ಆ ಮನುಷ್ಯನಿಗೆ ಆತುರ ಮಾಡು ಎಂದು ಹೇಳುವ ಹಕ್ಕು ಕಂಪನಿಗೂ ಇಲ್ಲ, ಟಿಕೆಟ್ ಕೊಂಡ ನಮಗೂ ಇಲ್ಲ.

ಇದೆಲ್ಲ ಕಂಪನಿ ತನಗೆ ಬೇಕೆಂದಾಗ ಮಾಡಿಸುವ ಕೆಲಸವೂ ಅಲ್ಲ. ಸೋಲಾಸ್ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದದ ಪ್ರಕಾರ ಪ್ರಯಾಣಿಕರ ಹಡಗಿಗೆ ಕೊಡುವ ಪ್ರಮಾಣಪತ್ರದ ಆಯುಸ್ಸು ಒಂದೇ ವರ್ಷ. ವರ್ಷಕ್ಕೊಮ್ಮೆ ತಳದ ತಪಾಸಣೆ ಆಗಬೇಕು. ಐದು ವರ್ಷದಲ್ಲಿ ಎರಡು ಸಲ ಹಡಗು ನೀರಿನಿಂದ ಮೇಲೆ ಬರಬೇಕು, ಎರಡರ ನಡುವೆ 36 ತಿಂಗಳು ದಾಟಬಾರದು ಎಂಬುದು ಸಾಮಾನ್ಯ ಕ್ರಮ. ಒಮ್ಮೆ ಹಡಗು ತೊಟ್ಟಿ ಹತ್ತಿತೆಂದರೆ ಸಾಮಾನ್ಯವಾಗಿ ಎರಡು ವಾರದಷ್ಟು ಬೇಕು. ದೊಡ್ಡ ಹಡಗು ಹಿಡಿಸುವ ತೊಟ್ಟಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು: ಸ್ಪೇನಿನ ಕಾಡಿಜ್, ಫ್ರಾನ್ಸಿನ ಮಾರ್ಸೇ, ಬ್ರೆಸ್ಟ್, ಜರ್ಮನಿಯ ಹ್ಯಾಂಬರ್ಗ್, ಸಿಂಗಪುರದ ಸೆಂಬಾವಾಂಗ್, ಹೀಗೆ. ಸರದಿಗಾಗಿ ಕಂಪನಿಗಳು ವರ್ಷಗಳ ಮೊದಲೇ ಹೆಸರು ಬರೆಸಿರುತ್ತವೆ. ಯಾನದ ಪಟ್ಟಿ ತಯಾರಾಗುವುದು ಅದರ ಸುತ್ತ. ಬುಕಿಂಗ್ ಪುಟದಲ್ಲಿ ಒಂದು ಹಡಗಿಗೆ ಎರಡು ವಾರ ಯಾವ ಯಾನವೂ ಕಾಣದಿದ್ದರೆ ಹೆಚ್ಚಾಗಿ ಅದು ತೊಟ್ಟಿಯ ಹೊತ್ತು.

ಈ ಏರ್ಪಾಡು ಎಷ್ಟು ಬಿಗಿ ಎಂಬುದು 2019ರ ಏಪ್ರಿಲ್ 1ರಂದು ಫ್ರೀಪೋರ್ಟಿನಲ್ಲಿ ಗೊತ್ತಾಯಿತು. 361 ಮೀಟರ್ ಉದ್ದದ ಓಯಸಿಸ್ ಆಫ್ ದಿ ಸೀಸ್ ಹಡಗು ಅಂದು ಎರಡನೆಯ ತೊಟ್ಟಿಯಲ್ಲಿತ್ತು. ಬಂದದ್ದು ಅಜಿಪಾಡಿನ ಕೆಲಸಕ್ಕೆ. ಹಡಗಿನ ಹಿಂಬದಿಯ ತಳದಲ್ಲಿ ಜೋತುಬಿದ್ದಂತಿರುವ, ಎತ್ತ ಬೇಕಾದರೂ ತಿರುಗುವ ಮೋಟಾರು-ಪ್ರೊಪೆಲ್ಲರಿನ ಜೋಡಿಗೆ ಅಜಿಪಾಡ್ ಎನ್ನುತ್ತಾರೆ. ಓಯಸಿಸ್‌ಗೆ ಅಂಥವು ಮೂರು, ಒಂದೊಂದೂ 20 ಮೆಗಾವ್ಯಾಟಿನದು. ಮೋಟಾರು ಹಡಗಿನ ಹೊಟ್ಟೆಯ ಹೊರಗೆ, ನೀರಿನಲ್ಲಿ ಇರುವುದರಿಂದ ಒಳಗೆ ಜಾಗ ಉಳಿಯುತ್ತದೆ, ದೊಡ್ಡ ಹಡಗು ಇಕ್ಕಟ್ಟಿನ ಬಂದರಿನಲ್ಲೂ ಸಲೀಸಾಗಿ ತಿರುಗುತ್ತದೆ. ಆದರೆ ಅದರ ಬೇರಿಂಗ್ ಕೆಟ್ಟರೆ ದೊಡ್ಡ ರಿಪೇರಿಗೆ ಹಡಗನ್ನು ನೀರಿನಿಂದ ಎತ್ತದೆ ವಿಧಿಯಿಲ್ಲ. ಅಂದು ಕೆಲಸ ನಡೆಯುತ್ತಿದ್ದಾಗ ತೊಟ್ಟಿಯೇ ವಾಲಿ, ಕ್ರೇನುಗಳು ಹಡಗಿನ ಹಿಂಭಾಗದ ಮೇಲೆ ಉರುಳಿದವು. ಎಂಟು ಮಂದಿಗೆ ಗಾಯವಾಯಿತು. ಯಾರ ಜೀವವೂ ಹೋಗಲಿಲ್ಲ. ಫ್ಲಾರಿಡಾದಿಂದ ಹೊರಡಬೇಕಿದ್ದ ವಾರವಾರದ ಮೂರು ಯಾನಗಳು ರದ್ದಾದವು. ಒಂದೊಂದಕ್ಕೂ ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು. ಹಡಗು ಅಟ್ಲಾಂಟಿಕ್ ದಾಟಿ ಕಾಡಿಜ್‌ಗೆ ಹೋಗಿ ರಿಪೇರಿಯಾಗಿ, ಮೇ ತಿಂಗಳಲ್ಲಿ ಬಾರ್ಸಿಲೋನಾದಿಂದ ಮತ್ತೆ ಹೊರಟಿತು.

ಅದಕ್ಕಿಂತ ದೂರ ಹೋದದ್ದು ತೊಟ್ಟಿಯ ನಷ್ಟದ ಪರಿಣಾಮ. ಅದೇ ಬೇಸಿಗೆಯಲ್ಲಿ, ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಓಡಾಡುತ್ತಿದ್ದ ಕಾರ್ನಿವಲ್ ವಿಸ್ಟಾ ಎಂಬ ಹಡಗಿನ ಅಜಿಪಾಡಿಗೆ ತೊಂದರೆ ಬಂತು, ವೇಗ ತಗ್ಗಿತು. ಫ್ರೀಪೋರ್ಟಿನಲ್ಲಿ ಅಷ್ಟು ದೊಡ್ಡ ಹಡಗು ಎತ್ತಬಲ್ಲ ತೊಟ್ಟಿ ಮುರಿದು ಬಿದ್ದಿತ್ತು. ಯುರೋಪಿಗೆ ಹೋಗಿ ಬರುವುದೆಂದರೆ ದಾರಿಯಲ್ಲೇ ವಾರಗಳು ಕಳೆಯುತ್ತವೆ. ಆಗ ಕರೆಸಿದ್ದು ಬೋಕಾ ವ್ಯಾನ್‌ಗಾರ್ಡ್ ಎಂಬ ಹೊರೆಹಡಗನ್ನು. ಸಮುದ್ರದ ಎಣ್ಣೆಬಾವಿಗಳ ಇಡೀ ಅಟ್ಟಣಿಗೆಗಳನ್ನು ಹೊತ್ತು ಸಾಗಿಸುವ ಹಡಗು ಅದು: 275 ಮೀಟರ್ ಉದ್ದ, 70 ಮೀಟರ್ ಅಗಲದ ಬರಿ ಮೈದಾನ. ಜುಲೈನಲ್ಲಿ ಫ್ರೀಪೋರ್ಟಿನ ಬಳಿ ಅದು ತನ್ನ ಬೆನ್ನನ್ನು ನೀರಿನಲ್ಲಿ ಮುಳುಗಿಸಿತು, 323 ಮೀಟರಿನ ವಿಸ್ಟಾ ಅದರ ಮೇಲೆ ಬಂದು ನಿಂತಿತು, ಹೊರೆಹಡಗು ಮತ್ತೆ ಮೇಲೆದ್ದಿತು. ಹೊತ್ತದ್ದಕ್ಕಿಂತ ಹೊರೆಯೇ ಉದ್ದ. ವಿಸ್ಟಾದ ಮೂತಿಯೂ ಹಿಂಬದಿಯೂ ಗಾಳಿಯಲ್ಲಿ ಚಾಚಿಕೊಂಡಿದ್ದವು. ಹಡಗಿನ ಮೇಲೆ ಹಡಗು ಕೂತ ಆ ದೃಶ್ಯದ ಚಿತ್ರಗಳು ಜಗತ್ತೆಲ್ಲ ಸುತ್ತಿದವು. ಎಂಜಿನಿಯರುಗಳ ಧೈರ್ಯಕ್ಕೆ ನಾನು ಈಗಲೂ ತಲೆಬಾಗುತ್ತೇನೆ.

ಆ ಚಿತ್ರಗಳಲ್ಲಿ ಕಾಣದವರು ಗ್ಯಾಲ್ವೆಸ್ಟನ್ನಿನಲ್ಲಿ ಹಡಗು ಹತ್ತಬೇಕಿದ್ದವರು. ಬಂದರಿನಿಂದ ಒಂದು ಗಂಟೆಯ ದಾರಿ ಹ್ಯೂಸ್ಟನ್. ಅಲ್ಲಿ ಸಾಕಷ್ಟು ಕನ್ನಡದ ಮನೆಗಳಿವೆ. ಊರಿನಿಂದ ಅಪ್ಪ ಅಮ್ಮ ಬರುವುದು ಹೆಚ್ಚಾಗಿ ಮಕ್ಕಳ ಶಾಲೆಗೆ ರಜೆಯಿರುವ ಜೂನ್, ಜುಲೈಯಲ್ಲಿ. ಆ ಮನೆಗಳಲ್ಲಿ ಯಾನ ಎನ್ನುವುದು ಒಂದು ವಾರದ ಮಾತಲ್ಲ. ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾದು, ಬೆಂಗಳೂರಿನಿಂದ ಎರಡು ವಿಮಾನ ಬದಲಿಸಿ ಬಂದ ಎಪ್ಪತ್ತರ ತಾಯಿ. ಸೊಸೆ ಕಚೇರಿಯಲ್ಲಿ ಕೂಡಿಸಿಟ್ಟ ರಜೆ. ಅಜ್ಜಿಯ ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ಬೇಡವೆಂದು ಕಂಪನಿಗೆ ಬರೆದ ಪತ್ರ. ಹಾಲ್‌ನ ಮೂಲೆಯಲ್ಲಿ ನಿಂತ ಸೂಟ್‌ಕೇಸಿನಲ್ಲಿ ಮೊಮ್ಮಗಳ ಈಜುಡುಗೆ, ಮಾವನವರ ಬಿಪಿ ಮಾತ್ರೆ, ಒಂದು ಡಬ್ಬಿ ಚಟ್ನಿಪುಡಿ. ಯಾನ ರದ್ದಾಗಿದೆ ಎಂಬ ಮಿಂಚಂಚೆ ಇಂಥ ಮನೆಗೆ ಬಂದರೆ ಬದಲಿ ವಾರ ಎಲ್ಲಿಂದ ತರುವುದು? ಆಗಸ್ಟಿನಲ್ಲಿ ಶಾಲೆ ಶುರು. ಹಿರಿಯರ ವಾಪಸು ಟಿಕೆಟ್ ಮೊದಲೇ ಆಗಿರುತ್ತದೆ. ಮುಂದಿನ ವರ್ಷ ಎನ್ನುವುದು ಎಪ್ಪತ್ತು ದಾಟಿದವರಿಗೆ ಸುಲಭದ ಮಾತಲ್ಲ.

ಹಣದ ಲೆಕ್ಕ ಹೇಗೋ ಇತ್ಯರ್ಥವಾಗುತ್ತದೆ. 2022ರಲ್ಲಿ ಅಮೆರಿಕದ ಫೆಡರಲ್ ಮ್ಯಾರಿಟೈಮ್ ಕಮಿಷನ್ ಜಾರಿಗೆ ತಂದ ನಿಯಮದಂತೆ, ಅಲ್ಲಿನ ಬಂದರಿನಿಂದ ಹೊರಡುವ ಯಾನ ರದ್ದಾದರೆ ಅಥವಾ ಮೂರು ದಿನ ಇಲ್ಲವೇ ಅದಕ್ಕಿಂತ ಹೆಚ್ಚು ತಡವಾದರೆ ಪ್ರಯಾಣಿಕ ಕಟ್ಟಿದ ಹಣ ಕೇಳಿ ಪಡೆಯಬಹುದು. ಆದರೆ ಅದು ಹಡಗು ಕಂಪನಿಗೆ ಕಟ್ಟಿದ ಹಣ. ಬೇರೆಯಾಗಿ ಕೊಂಡ ವಿಮಾನದ ಟಿಕೆಟ್, ಬಂದರಿನ ಊರಿನ ಹೋಟೆಲ್, ವೀಸಾದ ಖರ್ಚು ಪ್ರಯಾಣಿಕನ ತಲೆಯ ಮೇಲೆಯೇ. ಕೆಲವು ಕಂಪನಿಗಳು ವಿಮಾನದ ದಿನ ಬದಲಿಸಿದ ಶುಲ್ಕಕ್ಕೆಂದು ಒಂದಿಷ್ಟು ಕೊಡುತ್ತವೆ, ಮುಂದಿನ ಯಾನಕ್ಕೆ ರಿಯಾಯಿತಿ ಕೊಡುತ್ತವೆ. ದೂರದ ದೇಶದಿಂದ ಬಂದವರಿಗೆ ಆ ರಿಯಾಯಿತಿ ಕೈಗೆಟುಕದ ಮಾವು.

ಹಠಾತ್ತನೆ ಕೆಟ್ಟ ಅಜಿಪಾಡಿಗೆ ಯಾರನ್ನೂ ದೂರಲಾರೆ. ನನಗೆ ನೋವಾಗುವುದು ಇನ್ನೊಂದು ಬಗೆಯ ರದ್ದತಿಗೆ. ಕೆಲವೊಮ್ಮೆ ಯಾನಗಳನ್ನು ಮಾರಿ ಆದ ಮೇಲೆ ತೊಟ್ಟಿಯ ದಿನ ಹಿಂದೆ ಮುಂದೆ ಆಗುತ್ತದೆ. ಹಿಂದಿನ ಸರದಿಯ ಹಡಗಿನ ಕೆಲಸ ಮುಗಿದಿರುವುದಿಲ್ಲ, ಇಲ್ಲವೇ ಹೊಸ ಕೋಣೆಗಳನ್ನು ಕಟ್ಟಲು ಇನ್ನೊಂದು ವಾರ ಬೇಕೆನಿಸುತ್ತದೆ. ಸರದಿ ಅಲುಗಾಡುತ್ತಿದೆ ಎಂಬುದು ಕಂಪನಿಯ ಒಳಗಿನವರಿಗೆ ಮೊದಲೇ ಗೊತ್ತಿರುವ ಸಂಗತಿ. ಆ ವಿಷಯವನ್ನು ಕೊಳ್ಳುವವರ ಮುಂದೆ ಇಡಬೇಕು. ಡ್ರೈಡಾಕಿಗೆ ತೀರ ಹತ್ತಿರದ ಯಾನಗಳ ಪಕ್ಕದಲ್ಲಿ, ಬೆಲೆ ಬರೆದಷ್ಟೇ ದಪ್ಪ ಅಕ್ಷರದಲ್ಲಿ ಬರೆಯಲಿ: ಈ ಯಾನದ ಹಿಂದೆಯೇ ದುರಸ್ತಿ ಇದೆ, ದಿನ ಬದಲಾಗಬಹುದು. ಬದಲಾದದ್ದು ಕಂಪನಿಯ ಕಡೆಯಿಂದಾದರೆ ವಿಮಾನದ ಖರ್ಚೂ ಕಂಪನಿಯದೇ ಆಗಲಿ. ದುರಸ್ತಿಯ ಮಾತು ಕೇಳಿದರೆ ಗಿರಾಕಿ ಹೆದರುತ್ತಾನೆ ಎಂಬ ಭಯ ನಿಜವಲ್ಲ. ತಳ ತೊಳೆದು, ಸರಪಳಿ ಅಳೆದು ಬಂದ ಹಡಗೆಂದರೆ ಯಾರಿಗಾದರೂ ನೆಮ್ಮದಿಯೇ.

ದುರಸ್ತಿ ಮುಗಿದ ಮರುದಿನದ ಯಾನಕ್ಕೆ ಹೋಗುವವರಿಗೂ ಒಂದು ಮಾತು. ಹೊಸ ಕಾರ್ಪೆಟ್ ಇರುತ್ತದೆ ನಿಜ, ಬಣ್ಣದ ವಾಸನೆಯೂ ಇರುತ್ತದೆ. ಎಷ್ಟೋ ಸಲ ಗುತ್ತಿಗೆದಾರರು ಇಳಿದಿರುವುದೇ ಇಲ್ಲ, ಒಂದು ಊಟದ ಮನೆಗೆ ಇನ್ನೂ ಹಲಗೆ ಅಡ್ಡ ಇಟ್ಟಿರುತ್ತಾರೆ. ವಯಸ್ಸಾದವರನ್ನು, ಉಬ್ಬಸದವರನ್ನು ಕರೆದುಕೊಂಡು ಹೋಗುವವರು ಎರಡು ವಾರ ಬಿಟ್ಟು ಹೋಗುವುದು ಒಳ್ಳೆಯದು.

ಈ ದಿನಗಳು ಹಡಗಿನ ಸಿಬ್ಬಂದಿಗೆ ಕಷ್ಟದವು. ಉಡುಪಿ, ಮಂಗಳೂರು ಕಡೆ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಕೇಳದ ಊರು ಕಡಿಮೆ. ಮೇಜಿಗೆ ಊಟ ಬಡಿಸುತ್ತಿದ್ದ ಆ ಹುಡುಗರು ತೊಟ್ಟಿಯಲ್ಲಿ ತಲೆಗೆ ಹೆಲ್ಮೆಟ್ ಹಾಕಿ, ಬೆಸುಗೆ ನಡೆಯುವ ಕಡೆ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಗಂಟೆಗಟ್ಟಲೆ ಕಾವಲು ನಿಲ್ಲುತ್ತಾರೆ. ಎ.ಸಿ. ಆಗಾಗ ನಿಲ್ಲುತ್ತದೆ, ಧೂಳು ಹಾಸಿಗೆಯವರೆಗೂ ಬರುತ್ತದೆ. ಅವರ ಮನೆಗಳಲ್ಲಿ ಮದುವೆ, ಕೋಲ, ಗೃಹಪ್ರವೇಶಗಳ ದಿನ ಇಡುವಾಗ ಹಡಗಿನ ಕಾಂಟ್ರಾಕ್ಟ್ ಮುಗಿಯುವ ತಿಂಗಳನ್ನು ಕೇಳಿಯೇ ಇಡುತ್ತಾರೆ.

ಅದೇ ಕರಾವಳಿಯ ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ದಡಕ್ಕೆ ಎಳೆದು ತಳ ಕೆರೆದು ಬಣ್ಣ ಹಚ್ಚುತ್ತಾರೆ, ಬಲೆ ಹೆಣೆಯುತ್ತಾರೆ. ಮೀನು ಕೊಳ್ಳುವವರಿಗೂ ಆ ಎರಡು ತಿಂಗಳು ಗೊತ್ತು, ಸಾಲ ಕೊಡುವವರಿಗೂ ಗೊತ್ತು, ಯಾರೂ ಮೋಸ ಹೋದೆವೆಂದು ಹೇಳುವುದಿಲ್ಲ. ಪ್ರವಾಸಿ ಹಡಗುಗಳಿಗೆ ಅಂಥ ಮಳೆಗಾಲವಿಲ್ಲ. ಕೆರಿಬಿಯನ್, ಅಲಾಸ್ಕಾ, ಮೆಡಿಟರೇನಿಯನ್ ಎಂದು ಕಡಲು ಬದಲಿಸುತ್ತ ಅವು ವರ್ಷವಿಡೀ ಓಡುತ್ತವೆ. ಒಂದೊಂದು ಹಡಗಿನ ಬಿಡುವೂ ಒಂಟಿಯಾಗಿ, ಸದ್ದಿಲ್ಲದೆ ಬರುತ್ತದೆ. ಗೊತ್ತಾಗುವುದು ಆ ವಾರಕ್ಕೆ ಸೂಟ್‌ಕೇಸು ಕಟ್ಟಿಟ್ಟ ಮನೆಗೆ ಮಾತ್ರ.

ಫ್ರೀಪೋರ್ಟಿನ ಕಾರ್ಖಾನೆ ಅವಘಡದ ನಂತರ ಚೀನಾದಲ್ಲಿ ಎರಡು ಹೊಸ ತೇಲುತೊಟ್ಟಿಗಳನ್ನು ಕಟ್ಟಿಸಲು ಮುಂದಾಯಿತು. ಜಗತ್ತಿನ ಅತಿ ದೊಡ್ಡ ಪ್ರವಾಸಿ ಹಡಗುಗಳನ್ನೂ ಎತ್ತಬಲ್ಲಂಥವು ಇವು. ಮಯಾಮಿಯಿಂದ ಕಾಡಿಜ್‌ಗೆ ಹೋಗಲು ಎಂಟು ಹತ್ತು ದಿನ ಬೇಕು, ಬರಲು ಅಷ್ಟೇ. ಫ್ಲಾರಿಡಾದ ಹಡಗುಗಳಿಗೆ ಪಕ್ಕದಲ್ಲೇ ದೊಡ್ಡ ತೊಟ್ಟಿ ಇದ್ದರೆ ಆ ದಿನಗಳಲ್ಲಿ ಎರಡು ವಾರದ ಯಾನಗಳಾದರೂ ಉಳಿಯುತ್ತವೆ, ಅಂದರೆ ಎಂಟು ಹತ್ತು ಸಾವಿರ ಜನರ ರಜೆ.